ಬೀಗದ ಗುರುತಿಲ್ಲದ ಹೆಸರು

ಸೋಮವಾರ, ಸಂಜೆ

ತಾರಸಿಗೆ ಬಟ್ಟೆ ತೆಗೆಯಲು ಹೋದವಳು ಫೋನಿನಲ್ಲಿ ವೈಫೈ ಪಟ್ಟಿ ತೆರೆದೆ. ಹನ್ನೊಂದು ಹೆಸರು ಬಂದವು. ಒಂದು ಮನೆದೇವರದು, ಒಂದು ಯಾವುದೋ ಮಗುವಿನ ಮುದ್ದಿನ ಹೆಸರು, ಇನ್ನು ಮೂರು, ರೂಟರ್ ಪೆಟ್ಟಿಗೆಯ ಜೊತೆಗೇ ಬಂದ ಅಕ್ಷರ, ಅಂಕಿಗಳು. ಹತ್ತರ ಪಕ್ಕದಲ್ಲಿ ಪುಟ್ಟ ಬೀಗದ ಗುರುತು. ಹನ್ನೊಂದನೆಯದಕ್ಕೆ ಇಲ್ಲ. ಹೆಸರಿನಲ್ಲೇ ಮನೆ ನಂಬರು ಇತ್ತು: ಎದುರು ಮನೆ ಮೇಷ್ಟ್ರದು.

ಬೆರಳು ಅದರ ಮೇಲೆ ಹೋಗಿ ನಿಂತಿತು. ಒತ್ತಲಿಲ್ಲ. ಒತ್ತಿದ್ದರೆ ಅವರ ಜಗಲಿಯಲ್ಲಿ ಕೂತ ಹಾಗಾಗುತ್ತಿತ್ತೋ, ಹೇಳದೆ ಕೇಳದೆ ನಡುಮನೆಗೆ ನುಗ್ಗಿದ ಹಾಗೋ? ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಯಜಮಾನನ ಅನುಮತಿಯಿಲ್ಲದೆ ನೆಟ್‌ವರ್ಕ್ ಪ್ರವೇಶಿಸುವುದು ತಪ್ಪು ಎನ್ನುತ್ತದೆ. ಪಾಸ್‌ವರ್ಡ್ ಇಲ್ಲದಿರುವುದೇ ಅನುಮತಿಯೆ? ನನಗೇಕೋ ಹಾಗನ್ನಿಸುವುದಿಲ್ಲ. ಬಾಗಿಲು ತೆರೆದಿರುವ ಮನೆಗೂ ನಾವು "ಯಾರಿದ್ದೀರಿ?" ಎಂದು ಕೂಗಿಯೇ ಒಳಗೆ ಕಾಲಿಡುವುದು.

ಮಂಗಳವಾರ

ಮೇಷ್ಟ್ರಿಗೆ ಹೇಳಿದೆ. "ಏನಮ್ಮಾ, ಹೋದ ಬೇಸಿಗೆಯಲ್ಲಿ ಮೊಮ್ಮಗಳು ಬಂದಿದ್ದಳಲ್ಲ, ಪಾಸ್‌ವರ್ಡ್ ಮರೆತು ಫಜೀತಿ ಆಯ್ತು. ಕನೆಕ್ಷನ್ ಹುಡುಗನಿಗೆ ಹೇಳಿ ತೆಗೆಸಿಬಿಟ್ಟೆ. ನಮ್ಮನೇಲಿ ಕದಿಯೋಕೆ ಏನಿದೆ?"

ಕದಿಯಲು ಏನಿದೆ ಎಂಬ ಮಾತು ರಾತ್ರಿಯೆಲ್ಲ ಕಾಡಿತು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬುಗಳು ಸಿಡಿದವು. ಅದಕ್ಕೆ ಕೆಲವೇ ನಿಮಿಷ ಮುಂಚೆ ಟಿವಿ ವಾಹಿನಿಗಳಿಗೆ ಇಮೇಲ್ ಬಂದಿತ್ತು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯ ಸಾನ್ಪಾಡಾದಲ್ಲಿ ಬಾಡಿಗೆಗಿದ್ದ ಅಮೆರಿಕನ್ನರೊಬ್ಬರ ಫ್ಲ್ಯಾಟಿಗೆ. ವಿಚಾರಣೆ ನಡೆಯಿತು, ಕಂಪ್ಯೂಟರುಗಳು ಜಪ್ತಿಯಾದವು. ಕೊನೆಗೆ ಗೊತ್ತಾದದ್ದು, ಬೀಗವಿಲ್ಲದ ಅವರ ವೈಫೈಯನ್ನು ಬೇರೆ ಯಾರೋ ಬಳಸಿದ್ದರು ಎಂದು. ಮುಂದಿನ ಇಮೇಲ್‌ಗಳೂ ಹೀಗೇ ಪರರ ವೈಫೈಯಿಂದಲೇ ಹೋದವು: ಒಂದು ಮಾಟುಂಗದ ಕಾಲೇಜಿನಿಂದ, ಇನ್ನೊಂದು ಚೆಂಬೂರಿನ ಕಂಪನಿಯಿಂದ.

ಹೊರಗಿನಿಂದ ನೋಡಿದರೆ ಇಡೀ ಮನೆಗೆ ಇಂಟರ್ನೆಟ್ಟಿನಲ್ಲಿ ಒಂದೇ ವಿಳಾಸ. ಮೆಟ್ಟಿಲ ಕೆಳಗೆ ನಿಂತವನು ಏನು ಕಳಿಸಿದರೂ ಅದು ಬಿಲ್ಲು ಕಟ್ಟುವ ಮೇಷ್ಟ್ರ ಹೆಸರಿಗೇ ಜಮೆ. ಕದಿಯಲು ಅವರ ಮನೆಯಲ್ಲಿ ಅವರ ಹೆಸರಿದೆ. ನಲವತ್ತು ವರ್ಷ ಪಾಠ ಹೇಳಿ ಗಳಿಸಿದ ಹೆಸರು.

ಗುರುವಾರ

ಬೀಗವಿಲ್ಲದ ವೈಫೈ ಬಗ್ಗೆ ಓದಿದಷ್ಟೂ ಗೊಂದಲ. 2010ರ ಮೇ 12ರಂದು ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಒಬ್ಬ ಯಜಮಾನ ರಜೆಗೆಂದು ಊರಾಚೆ ಇದ್ದಾಗ ಅವನ ವೈಫೈಯಿಂದ ಒಂದು ಹಾಡು ಅಕ್ರಮವಾಗಿ ಹಂಚಿಕೆಯಾಗಿತ್ತು. ತಪ್ಪು ಅವನು ಮಾಡಿಲ್ಲ, ಆದರೂ ವೈಫೈಯನ್ನು ಭದ್ರ ಮಾಡುವ ಹೊಣೆ ಅವನದೇ ಎಂದಿತು ಕೋರ್ಟು.

ಎರಡೇ ದಿನ ಕಳೆದು, ಮೇ 14ರಂದು, ಗೂಗಲ್ ಒಪ್ಪಿಕೊಂಡಿತು: ಬೀದಿಗಳ ಚಿತ್ರ ತೆಗೆಯುವ ಸ್ಟ್ರೀಟ್ ವ್ಯೂ ಕಾರುಗಳು ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿ ಬೀಗವಿಲ್ಲದ ವೈಫೈಗಳಿಂದ ಮಾಹಿತಿಯ ತುಣುಕುಗಳನ್ನೂ ಹೀರಿಕೊಂಡಿವೆ. ಇಮೇಲ್, ಪಾಸ್‌ವರ್ಡ್‌ಗಳೂ ಅದರಲ್ಲಿದ್ದವು. ಪ್ರಶ್ನೆ ಕೇಳಿ ಇದನ್ನು ಹೊರಗೆಡವಿಸಿದ್ದೂ ಜರ್ಮನಿಯೇ, ಹ್ಯಾಂಬರ್ಗಿನ ಅಧಿಕಾರಿಗಳು. ಬೀಗ ಹಾಕದಿದ್ದರೆ ನಿನ್ನ ತಪ್ಪು ಎಂದದ್ದೂ, ಬೀಗವಿಲ್ಲದ ಮನೆಗೆ ಕಿವಿಗೊಟ್ಟದ್ದು ನಿನ್ನ ತಪ್ಪು ಎಂದದ್ದೂ ಒಂದೇ ದೇಶ, ಒಂದೇ ವಾರ.

ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದರಲ್ಲಿ ಗೂಗಲ್ ವಾದಿಸಿದ್ದು, ಬೀಗವಿಲ್ಲದ ವೈಫೈ ಎಲ್ಲರಿಗೂ ಕೇಳಿಸುವ ರೇಡಿಯೋ ಇದ್ದ ಹಾಗೆ ಎಂದು. 2013ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಇಲ್ಲಿ ನನ್ನ ಮನಸ್ಸು ಆ ಕೋರ್ಟಿನ ಕಡೆಗೆ. ಮೇಷ್ಟ್ರು ಬಾಗಿಲು ತೆರೆದಿಟ್ಟದ್ದು ಮೊಮ್ಮಗಳಿಗಾಗಿ, ಊರಿಗೆ ಪ್ರಸಾರ ಮಾಡಲು ಅಲ್ಲ.

(ಸ್ಟ್ರೀಟ್ ವ್ಯೂ ಕಾರು ಬೆಂಗಳೂರಿಗೂ 2011ರಲ್ಲಿ ಬಂದಿತ್ತು. ಅಷ್ಟರಲ್ಲಿ ವೈಫೈ ಸಂಗ್ರಹ ನಿಂತಿತ್ತು. ಇಲ್ಲಿ ಪೊಲೀಸರು ಆ ಕಾರನ್ನು ತಡೆದದ್ದು ಭದ್ರತೆಯ ಕಾರಣಕ್ಕೆ.)

ಶುಕ್ರವಾರ

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ತೀರ್ಪಿಗೆ ಕಾರಣವಾದ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ಮೇಲೆ. ಮೇಷ್ಟ್ರ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಹಕ್ಕು ಇಬ್ಬರಿಗೂ ಒಂದೇ. ಆದರೆ ಅದನ್ನು ಕಾಪಾಡಿಕೊಳ್ಳುವ ಗುಂಡಿ ಎಲ್ಲಿದೆ ಎಂದು ಮೇಷ್ಟ್ರಿಗೆ ಯಾರು ತೋರಿಸಿದ್ದರು? ಪೆಟ್ಟಿಗೆ ಕೂರಿಸಲು ಬಂದ ಹುಡುಗ ನಮ್ಮ ಮನೆಯಲ್ಲೂ ನನ್ನ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗಿದ್ದ. ಬೀದಿಯ ಅರ್ಧ ಜನರ ಬಳಿ ಆ ನಂಬರಿದೆ. ಹಣ ತೆಗೆದುಕೊಂಡು ಪೆಟ್ಟಿಗೆ ಕೂರಿಸುವವರೇ ಬೀಗವನ್ನೂ ಸರಿಯಾಗಿ ಹಾಕಿಕೊಟ್ಟು ಹೋಗಬೇಕು. ಇದೊಂದರಲ್ಲಿ ನನಗೆ ಗೊಂದಲವಿಲ್ಲ.

ಭಾನುವಾರ

ಮೇಷ್ಟ್ರ ಮನೆಗೆ ಹೋಗಿ ಕೂತೆ. ಟಿವಿ ಹಿಂದಿದ್ದ ಪೆಟ್ಟಿಗೆಯನ್ನು ತಿರುಗಿಸಿ, ತಳದ ಚೀಟಿ ಓದಿ, ಅವರನ್ನು ಕೇಳಿ ನನ್ನ ಫೋನಿನಲ್ಲೇ ಸೆಟ್ಟಿಂಗ್ ಪುಟ ತೆರೆದೆ. ಡಬ್ಲ್ಯೂಪಿಎ2 ಎಂಬ ಬೀಗ ಆರಿಸಿದೆ. ಪಾಸ್‌ವರ್ಡ್ ಅವರೇ ಹೇಳಿದರು, ಎಂದೋ ಪಾಠ ಮಾಡಿದ ನಾಲ್ಕು ಪದಗಳನ್ನು ಜೋಡಿಸಿ. ಪಂಚಾಂಗದ ಒಳಪುಟದಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು.

ಉಳಿಸುವ ಮುಂಚೆ, ಆಗ ಯಾವ್ಯಾವ ಸಾಧನ ಸೇರಿಕೊಂಡಿವೆ ಎಂದು ನೋಡಿದೆವು. ಅವರ ಫೋನು. ಟಿವಿ. ನನ್ನ ಫೋನು. ನಾಲ್ಕನೆಯದೊಂದು ಅಗ್ಗದ ಮೊಬೈಲು, ನಮ್ಮಿಬ್ಬರದೂ ಅಲ್ಲ.

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದೆ, ಕಾವಲಿನವನ ಸಂಸಾರ ತಗಡಿನ ಶೆಡ್ಡಿನಲ್ಲಿದೆ.

"ಆ ಹುಡುಗ ಎಸ್ಸೆಸ್ಸೆಲ್ಸಿ ಅಮ್ಮಾ. ಓದ್ಕೊಳ್ತಿದ್ನೋ ಏನೋ. ಅವನನ್ನ ಆಚೆ ಹಾಕ್ತಿದೀವಾ ಈಗ?"

ಗೆಸ್ಟ್ ನೆಟ್‌ವರ್ಕ್ ಅಂತ ಬೇರೆ ಮಾಡಬಹುದು, ಅದಕ್ಕೂ ಪಾಸ್‌ವರ್ಡ್ ಇಟ್ಟು ಅವನಿಗೆ ಕೊಡಬಹುದು, ಆದರೆ ಅವನು ಏನು ಮಾಡಿದರೂ ಹೊಣೆ ನಿಮ್ಮ ಮೇಲೇ ಬರಬಹುದು ಎಂದೆ.

"ಸರಿ, ಮಾಡು" ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ನಾನು ಹೋಗಿ ಅವನ ಹೆಸರು ಕೇಳಿಕೊಂಡು ಬರ್ತೀನಿ."