ತಾಯಿಮರ ಯಾವುದು?

ತಮ್ಮನ ಮಗಳು ತೋಟಗಾರಿಕೆ ಓದಿ, ಈಗ ಲ್ಯಾಂಡ್‌ಸ್ಕೇಪ್ ಕಾಂಟ್ರಾಕ್ಟರುಗಳಿಗೆ ಲೋಡುಗಟ್ಟಲೆ ಗಿಡ ಒದಗಿಸುವ ಕೆಲಸದಲ್ಲಿದ್ದಾಳೆ. ಮೊನ್ನೆ ಕೇಳಿದಳು: ‘ದೊಡ್ಡಪ್ಪ, ಮೊಬೈಲಿನಲ್ಲಿ ಫೋಟೊ ಕಳಿಸೋಕೆ ಆಗದೆ ಇದ್ದಾಗ ಪಾರ್ಟಿಗಳು ನಿಮ್ಮನ್ನ ಹೇಗೆ ನಂಬ್ತಿದ್ರು?’

‘ನಂಬ್ತಿರಲಿಲ್ಲಮ್ಮ, ಬಂದು ನೋಡ್ತಿದ್ರು’ ಅಂದೆ.

ಬರುತ್ತಿದ್ದುದು ಲಾಲ್‌ಬಾಗಿನ ಬೆನ್ನಿಗಿರುವ ಸಿದ್ದಾಪುರಕ್ಕೆ. ನರ್ಸರಿಯ ಪಕ್ಕ ನರ್ಸರಿ, ನೀರಿಗೆ ತೆರೆದ ಬಾವಿ. ಕೈಕೆಲಸದವರಲ್ಲಿ ತಿಗಳರು ಬಹಳ. ಕರಗದ ದಿನಗಳಲ್ಲಿ ಯಾವ ಪಾರ್ಟಿ ಬಂದು ನಿಂತರೂ ಗಿಡ ಕೀಳಲು ಆಳಿಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಕ್ರುಂಬಿಗಲ್ ಸಾಹೇಬರು ಹೊರದೇಶಗಳಿಂದ ತರಿಸಿದ ಗಿಡಗಳಲ್ಲಿ ಇಲ್ಲಿನ ಹವೆಗೆ ಒಗ್ಗಿದವು ಕ್ರಮೇಣ ಬೇಲಿ ದಾಟಿ ನಮ್ಮ ಮಡಿಗಳಿಗೂ ಬಂದವು. ಹೇಗೆ ದಾಟಿದವು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ನಾನು ಅಲ್ಲೊಂದು ನರ್ಸರಿಯಲ್ಲಿ ಲಿಸ್ಟು ಬರೆಯುವವನಾಗಿದ್ದೆ. ಮುಂಗಾರಿಗೆ ಮೊದಲು ಸ್ಟೆನ್ಸಿಲ್ ಕೊರೆದು, ಸೈಕ್ಲೋಸ್ಟೈಲ್ ಮಾಡಿಸಿ, ಹಾಸನ, ಚಿಕ್ಕಮಗಳೂರು, ಕೋಲಾರದ ಕಡೆಯ ಗಿರಾಕಿಗಳಿಗೆ ಅಂಚೆಗೆ ಹಾಕುವುದು. ಕ್ರೋಟನ್, ಅಕಾಲಿಫಾ, ಗುಲಾಬಿಗೆ ಹೆಸರು, ದರ ಇದ್ದರೆ ಸಾಕಿತ್ತು. ಮಾವು, ಸಪೋಟಕ್ಕೆ ಮಾತ್ರ ಇನ್ನೊಂದು ಕಲಂ: ತಾಯಿಮರ. ಯಾವ ಊರಿನ ಯಾವ ತೋಟದ್ದು, ಇಲಾಖೆಯ ಫಾರ್ಮಿನದೋ ಖಾಸಗಿಯದೋ. 1963ರಲ್ಲಿ ತೋಟಗಾರಿಕೆ ಬೇರೆ ಇಲಾಖೆಯಾಗಿ, ಅದರ ನಿರ್ದೇಶಕ ಮರಿಗೌಡರು ಊರೂರಲ್ಲಿ ಫಾರ್ಮು ಮಾಡಿಸಿದ ಮೇಲೆ ಆ ಕಲಮಿನಲ್ಲಿ ಬರೆಯಲು ನಮಗೆ ಹೆಸರುಗಳು ಹೆಚ್ಚಾದವು.

ಆ ಕಲಮಿನ ಯಜಮಾನ ನಮ್ಮ ಕಸಿ ಮೇಸ್ತ್ರಿ. ಓದು ಬಾರದು. ಎಲೆಯನ್ನು ಉಜ್ಜಿ ಮೂಸಿ, ಇದು ರಸಪುರಿ, ಇದು ಮಲಗೋವಾ ಎನ್ನುತ್ತಿದ್ದರು. ಆಗ ಮಾವಿಗೆ ಸಾಮೀಪ್ಯ ಕಸಿ. ಓಟೆಯಿಂದ ಎಬ್ಬಿಸಿದ ಸಸಿಗಳನ್ನು ಕುಂಡದ ಸಮೇತ ತಾಯಿಮರದ ಬುಡಕ್ಕೆ ಹೊತ್ತೊಯ್ದು, ಅಟ್ಟಣೆ ಕಟ್ಟಿ ಏರಿಸಿ, ಸಸಿಯ ಕಾಂಡವನ್ನೂ ಮರದ ಕಡ್ಡಿಯನ್ನೂ ಹೆರೆದು ಕೂಡಿಸಿ ಬಾಳೆನಾರಿನಲ್ಲಿ ಬಿಗಿಯುವುದು. ಬೆಸೆಯಲು ಎರಡು ಮೂರು ತಿಂಗಳು. ಅಷ್ಟೂ ದಿನ ಏಣಿ ಹತ್ತಿ ನೀರು. ಸಸಿಯೇ ಮರದ ಬಳಿಗೆ ಹೋಗಬೇಕಿದ್ದ ಕೆಲಸ; ತಾಯಿಯನ್ನು ಮರೆಯಲು ದಾರಿಯೇ ಇರಲಿಲ್ಲ.

ಮೇಸ್ತ್ರಿ ಹಿಂದೆ ಹಿಂದೆಯೇ ಬರುತ್ತಿದ್ದುದು ವಾಸನೆ. ಡ್ರಮ್ಮಿನಲ್ಲಿ ನೆನೆದು ಕೊಳೆತ ಕಡಲೆಕಾಯಿ ಹಿಂಡಿಯ ನೀರು. ಮೊದಲ ದಿನ ವಾಂತಿ ಬರುವಂಥದ್ದು, ತಿಂಗಳೊಪ್ಪತ್ತಿನಲ್ಲಿ ಅನ್ನದ ವಾಸನೆಯಷ್ಟೇ ಸಹಜ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು. ಸೀಟು ಪೂರ್ತಿ ನಮಗೇ. ಇವತ್ತಿಗೂ ಎಲ್ಲಾದರೂ ಆ ನಾತ ಬಂದರೆ ನಿಂತು ಬಿಡುತ್ತೇನೆ.

ಶ್ರೀನಿವಾಸಪುರದ ಕಡೆಯ ರೈತರೊಬ್ಬರು ಬಾದಾಮಿ ಕಸಿ ಕೇಳಿ ಬಂದದ್ದು ನೆನಪಿದೆ. ನಾಲ್ಕು ರೂಪಾಯಿಯ ಸಸಿಯನ್ನು ಮೂರಕ್ಕೆ ಕೊಡಿ ಎಂದರು. ಮೇಸ್ತ್ರಿ ಸಿಟ್ಟಾಗದೆ ಮೂಲೆಯ ಮಡಿ ತೋರಿಸಿದರು: ‘ಮೂರಕ್ಕೆ ಅವು ಬರ್ತವೆ ಗೌಡ್ರೆ. ಅಪ್ಪ ಅಮ್ಮ ಯಾರು ಅಂತ ಮಾತ್ರ ಕೇಳಬೇಡಿ.’ ರೈತರು ಕಸಿಗಂಟಿನ ಮೇಲೆ ಹೆಬ್ಬೆರಳಾಡಿಸಿ ನೋಡಿ, ಬಾವಿಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದರು. ಬೀಡಿ ಮುಗಿಯುವ ಹೊತ್ತಿಗೆ ನಾಲ್ಕು ರೂಪಾಯಿಗೇ ವ್ಯಾಪಾರ, ನೂರಕ್ಕೆ ಐದು ಕೊಸರು, ಜೊತೆಗೊಂದು ಸಂಪಿಗೆ ಗಿಡ.

ಹಾಗೆಂದು ಅದು ಸತ್ಯಯುಗವೇನಲ್ಲ. ಮೂಲೆಯ ಮಡಿಯ ಸಸಿಗಳು ಮಾರಾಟವಾಗದೆ ಉಳಿಯುತ್ತಿರಲಿಲ್ಲವಲ್ಲ! ಆ ಬೀದಿಯಲ್ಲಿ ಓಟೆ ಸಸಿಯನ್ನೇ ಕಸಿ ಎಂದು ಮಾರಿದವರಿದ್ದರು. ಮೋಸ ಗೊತ್ತಾಗುವಷ್ಟರಲ್ಲಿ ರೈತನ ಏಳೆಂಟು ವರ್ಷ ಮಣ್ಣುಪಾಲು. ಬೆಳಗಿನಿಂದ ಸಂಜೆವರೆಗೆ ಕುಕ್ಕರುಗಾಲಲ್ಲಿ ಕೂತು ಚೀಲಕ್ಕೆ ಮಣ್ಣು ತುಂಬುತ್ತಿದ್ದ ಹೆಂಗಸರಿಗೆ ಗಂಡಾಳಿನ ಅರ್ಧ ಕೂಲಿ. ಮೃದುಕಾಂಡ ಕಸಿ ಬಂದು, ಒದ್ದೆ ಬಟ್ಟೆಯಲ್ಲಿ ಕಡ್ಡಿ ಸುತ್ತಿ ತಂದರೆ ನರ್ಸರಿಯಲ್ಲೇ ಸಾವಿರಗಟ್ಟಲೆ ಕಟ್ಟಬಹುದು ಎಂದಾದಾಗ ಸಸಿ ಅಗ್ಗವಾಯಿತು, ಬಡ ರೈತನಿಗೂ ಎಟುಕಿತು. ಅದನ್ನು ಕೆಟ್ಟದ್ದೆನ್ನಲು ನನಗೆ ಬಾಯಿಲ್ಲ. ಆದರೆ ಕಡ್ಡಿ ಪ್ರಯಾಣಕ್ಕೆ ಹೊರಟ ಮೇಲೆ ತಾಯಿಮರದ ಹೆಸರು ಕೈಯಿಂದ ಕೈಗೆ ಸವೆಯುತ್ತ ಹೋಯಿತು.

ಆಮೇಲೆ ಬಂತು ಕಡಿಯಂ ಲಾರಿ. ರಾಜಮಹೇಂದ್ರಿಯ ಹತ್ತಿರ, ಗೋದಾವರಿಯ ಮೆಕ್ಕಲು ಮಣ್ಣಿನಲ್ಲಿ ಊರಿಗೆ ಊರೇ ನರ್ಸರಿ. ಅವರ ದುಡಿಮೆಗೆ ಕೈ ಮುಗಿಯಬೇಕು. ಸಿದ್ದಾಪುರದಲ್ಲಿ ನೆಲದ ಬೆಲೆ ಏರಿದಂತೆ ಬೆಳೆಸುವುದಕ್ಕಿಂತ ತರಿಸುವುದೇ ಲಾಭವಾಯಿತು. ನಾವು ಬೆಳೆಗಾರರಾಗಿದ್ದವರು ದಾಸ್ತಾನುಗಾರರಾದೆವು. ಆ ಅಂಟು ಮಣ್ಣಿನ ಉಂಡೆಯನ್ನು ಇಲ್ಲಿನ ಕೆಮ್ಮಣ್ಣಿಗೆ ಹಾಗೇ ಇಳಿಸಿದರೆ, ಒಣಗಿ ಬಿಗಿದು ಬೇರು ಹೊರಬರದೆ ಗಿಡ ಸೊರಗುತ್ತದೆ. ಅದನ್ನು ಗಿರಾಕಿಗೆ ಹೇಳಿಕೊಡುವವರು ಯಾರು?

ತಮ್ಮನ ಮಗಳು ತನ್ನ ಲಿಸ್ಟು ತೋರಿಸಿದಳು. ಅಚ್ಚುಕಟ್ಟು. ಫೋಟೊ, ಎತ್ತರ ಎಷ್ಟು ಅಡಿ, ಬ್ಯಾಗ್ ಎಷ್ಟು ಇಂಚು, ದರ, ಎಷ್ಟಿದೆ. ನಾವು ಬರೆಯುತ್ತಿದ್ದ ಸಸ್ಯನಾಮಗಳಿಗಿಂತ ಅವಳವು ಶುದ್ಧ. ಸ್ಯಾನ್ಸೆವೀರಿಯಾ ಈಗ ಡ್ರಸೀನಾ ಜಾತಿಗೆ ಸೇರಿದೆ ಎಂಬುದನ್ನು ನನಗೆ ಹೇಳಿಕೊಟ್ಟವಳು ಅವಳೇ. ಪಟ್ಟಿಯ ಮಧ್ಯದಲ್ಲಿ ‘ಮಾವು, ಎಂಟು ಅಡಿ’ ಎಂದಿತ್ತು. ಯಾವ ಮಾವು?

‘ಪಾರ್ಟಿ ಕೇಳಲ್ಲ ದೊಡ್ಡಪ್ಪ. ಎತ್ತರ ಸರಿ ಇರ್ಬೇಕು ಅಷ್ಟೆ.’

ನಿಜ, ಕೇಳುವುದಿಲ್ಲ. ಶ್ರೀನಿವಾಸಪುರದ ರೈತರಿಗೆ ಹಣ್ಣು ಬರುವಾಗಲೂ ಅದೇ ಮರದಡಿ ಬಾಳಬೇಕಿತ್ತು; ಹಾಗಾಗಿ ಬೆರಳಾಡಿಸಿ ನೋಡಿದರು. ಇವಳ ಪಾರ್ಟಿಗೆ ಅಪಾರ್ಟ್‌ಮೆಂಟಿನ ಉದ್ಘಾಟನೆಯ ದಿನ ಮರ ಹಸಿರಾಗಿದ್ದರೆ ಸಾಕು. ಮಾವು ಹುಳಿಯೋ ಸಿಹಿಯೋ ಎಂದು ತಿಳಿಯುವಷ್ಟರಲ್ಲಿ ಅವನು ಬಿಲ್ಲು ವಸೂಲು ಮಾಡಿಕೊಂಡು ಇನ್ನೊಂದು ಸೈಟಿನಲ್ಲಿ ಗುಂಡಿ ತೋಡಿಸುತ್ತಿರುತ್ತಾನೆ.