ಗೋಳಿ: ಒಂದು ಅಡಿಟಿಪ್ಪಣಿಯ ತಪ್ಪು

ಹಲವು ವರ್ಷಗಳ ಹಿಂದೆ ವೈದ್ಯಕ್ಕೆ ಸಂಬಂಧಿಸಿದ ಓಲೆಗರಿ ಪ್ರತಿಯೊಂದನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದಾಗ, ಸೊಪ್ಪುಗಳ ಸಾಲಿನಲ್ಲಿ ‘ಗೋಳಿ’ ಎಂಬ ಪದ ಎದುರಾಯಿತು. ಕರಾವಳಿಯಲ್ಲಿ ಗೋಳಿಯೆಂದರೆ ಆಲದ ಜಾತಿಯ ಮರ. ನಾನು ಹೆಚ್ಚು ಯೋಚಿಸದೆ ‘ಆಲದ ಚಿಗುರು’ ಎಂದು ಅಡಿಟಿಪ್ಪಣಿ ಬರೆದೆ. ಅದು ಹಾಗೆಯೇ ಅಚ್ಚಾಯಿತು.

ಮುಂದೊಮ್ಮೆ ವಿಜಯಪುರದ ಕಡೆ ಶಾಸನವೊಂದನ್ನು ನೋಡಲು ಹೋಗಿದ್ದೆ. ದಾರಿಬದಿಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬಳು ಕಿತ್ತ ಕಳೆಯಲ್ಲಿ ಒಂದನ್ನು ಮಾತ್ರ ಆರಿಸಿ ಉಡಿಯಲ್ಲಿ ತುಂಬಿಕೊಳ್ಳುತ್ತಿದ್ದಳು. ನೆಲಕ್ಕೆ ಹರಡಿದ ಕೆಂಪು ಕಾಂಡ, ರಸದುಂಬಿದ ದಪ್ಪ ಎಲೆ, ಚಿಕ್ಕ ಹಳದಿ ಹೂ. ಹೆಸರು ಕೇಳಿದೆ. “ಗೋಳಿಪಲ್ಯ ರೀ, ಇಷ್ಟೂ ಗೊತ್ತಿಲ್ಲೇನು?” ಎಂದಳು. ನನ್ನ ಅಡಿಟಿಪ್ಪಣಿ ಅಲ್ಲಿಯೇ ಬಿದ್ದುಹೋಯಿತು.

ನಮ್ಮ ದಕ್ಷಿಣದ ಸೀಮೆಯಲ್ಲಿ ಇದೇ ಗೋಣಿಸೊಪ್ಪು, ಮರಾಠಿಯಲ್ಲಿ ಘೋಳ. ಸಂಸ್ಕೃತ ನಿಘಂಟುಗಳ ಲೋಣಿಕಾ ಎಂಬ ಹೆಸರಿನ ಹಿಂದೆ ಉಪ್ಪೆಂಬ ಅರ್ಥದ ಪ್ರಾಕೃತ ‘ಲೋಣ’ ಇದೆ. ಎಲೆಯನ್ನು ಬಾಯಲ್ಲಿಟ್ಟವರಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ: ಹುಳಿ, ಹಿಂದೆಯೇ ತುಸು ಉಪ್ಪು. ನೀರು ಕಡಿಮೆಯಾದಾಗ ಈ ಗಿಡ ರಾತ್ರಿ ಇಂಗಾಲಾಮ್ಲವನ್ನು ಹೀರಿ ಆಮ್ಲವಾಗಿ ಕೂಡಿಡುತ್ತದೆ. ಆದ್ದರಿಂದ ಬರದ ದಿನಗಳಲ್ಲಿ ಬೆಳಗ್ಗೆ ಕಿತ್ತ ಎಲೆ ಸಂಜೆಯದಕ್ಕಿಂತ ಹುಳಿ. ಕಿತ್ತೆಸೆದರೂ ಬೇಗ ಸಾಯದು, ತುಂಡು ಕಾಂಡವೂ ಬೇರೂರುತ್ತದೆ. ರೈತನಿಗೆ ಇದು ಕಳೆಯಾದದ್ದೂ ಬಡವರ ಒಲೆಗೆ ಆಸರೆಯಾದದ್ದೂ ಈ ಒಂದೇ ಗುಣದಿಂದ.

ತೊಗರಿಬೇಳೆಯೊಡನೆ ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಜೋಳದ ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ (ನಮ್ಮ ಮನೆಯಲ್ಲಿ ಬೆಳ್ಳುಳ್ಳಿಯ ಬದಲು ಇಂಗು). ಸೊಪ್ಪುಗಳಲ್ಲಿ ವಿರಳವಾದ ಒಮೆಗಾ-3 ಕೊಬ್ಬಿನಾಮ್ಲ ಇದರಲ್ಲಿ ಹೇರಳ. ಆಕ್ಸಲೇಟೂ ಹೆಚ್ಚೇ, ಮೂತ್ರಪಿಂಡದ ಕಲ್ಲಿನ ಬಾಧೆಯುಳ್ಳವರು ದೂರವಿರುವುದು ಲೇಸು. ಮೊಸರಿನೊಡನೆ ತಿನ್ನುವ ರೂಢಿ ಜಾಣತನದ್ದು: ಅದರ ಸುಣ್ಣದಂಶ ಆಕ್ಸಲೇಟನ್ನು ಕರುಳಿನಲ್ಲಿಯೇ ಹಿಡಿದಿಡುತ್ತದೆ.

ಈಗ ಹೊಲಗಳಿಗೆ ಕಳೆನಾಶಕ ಬಂದಿದೆ. ಸಿಂಪಡಿಸಿದ ಹೊಲದಲ್ಲಿ ಆರಿಸಿಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ, ಉಳಿದರೂ ತಿನ್ನಲಾಗದು. ಆ ಹೆಂಗಸಿನ ಮೊಮ್ಮಕ್ಕಳಿಗೆ ಗೋಳಿ ಯಾವುದೆಂದು ತಿಳಿಯಬೇಕಾದರೆ ನನ್ನಂಥವರ ಅಡಿಟಿಪ್ಪಣಿಯನ್ನೇ ನೋಡಬೇಕಾದೀತು. ನನ್ನ ಪ್ರತಿಯಲ್ಲಿ ‘ಆಲದ ಚಿಗುರು’ ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿಯಾದುದನ್ನು ಬರೆದಿದ್ದೇನೆ. ಗ್ರಂಥಾಲಯಗಳಲ್ಲಿರುವ ಪ್ರತಿಗಳಲ್ಲಿ ಇನ್ನೂ ಆಲವೇ ಚಿಗುರುತ್ತಿದೆ.