ಬೆನ್ನ ಮೇಲಿನ ಕೂಸು

ದಕ್ಷಿಣ ಆಫ್ರಿಕದ ಜುಲು ಜನರ ಭಾಷೆಯಲ್ಲಿ ‘ಬೆಲೆಥ’ ಎಂಬ ಕ್ರಿಯಾಪದವೊಂದಿದೆ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊರುವುದು ಎಂದು ಅದರ ಅರ್ಥ. ಮಗುವನ್ನು ಹೆರುವುದಕ್ಕೂ ಅವರು ಅದೇ ಪದವನ್ನು ಬಳಸುತ್ತಾರೆ. ಹೆರುವುದಕ್ಕೂ ಹೊರುವುದಕ್ಕೂ ನಮ್ಮ ಕನ್ನಡದಲ್ಲಿ ಒಂದು ಸ್ವರದಷ್ಟು ಅಂತರ. ಜುಲು ತಾಯಿಗೆ ಅಷ್ಟು ಅಂತರವೂ ಇಲ್ಲ. ಮಗುವನ್ನು ಕಟ್ಟಿಕೊಳ್ಳುವ ತೊಗಲಿಗೆ ‘ಇಂಬೆಲೆಕೊ’ ಎಂದು ಹೆಸರು. ಹುಟ್ಟಿದ ಮಗುವನ್ನು ಪೂರ್ವಜರಿಗೆ ಪರಿಚಯಿಸುವ ಆಚರಣೆಯಲ್ಲಿ ಮೇಕೆಯನ್ನು ಕೊಯ್ದು, ಅದರ ತೊಗಲನ್ನೇ ಹದಗೊಳಿಸಿ ಇದಕ್ಕಾಗಿ ಬಳಸುವುದು ಹಿಂದಿನ ವಾಡಿಕೆ. ಆ ಆಚರಣೆಗೂ ಇಂಬೆಲೆಕೊ ಎಂದೇ ಹೆಸರು. ಇಂದು ತೊಗಲಿನ ಸ್ಥಾನಕ್ಕೆ ಟವೆಲು, ಕಂಬಳಿಗಳು ಬಂದಿವೆ.

ನಮ್ಮಲ್ಲಿ ಮಗುವಿನ ಸ್ಥಾನ ಸಾಮಾನ್ಯವಾಗಿ ತಾಯಿಯ ಸೊಂಟ. ಬೆನ್ನೇನಿದ್ದರೂ ಆಟಕ್ಕೆ, ಕೂಸುಮರಿ, ಉಪ್ಪಿನ ಮೂಟೆ ಎಂದು ನಾವೆಲ್ಲರೂ ಆಡಿದವರೇ. ಆದರೆ ದುಡಿಮೆಗೆ ಎರಡು ಕೈಗಳೂ ಬೇಕಾದಾಗ ನಮ್ಮ ತಾಯಂದಿರೂ ಬೆನ್ನನ್ನೇ ಆಶ್ರಯಿಸುತ್ತಾರೆ. ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿನ ಹೆಗ್ಗನಹಳ್ಳಿಯಲ್ಲಿ ಕಟ್ಟಡ ಏಳುತ್ತಿರುವ ಯಾವುದಾದರೂ ನಿವೇಶನದ ಮುಂದೆ ತುಸು ಹೊತ್ತು ನಿಂತು ನೋಡಿ. ಉತ್ತರ ಕರ್ನಾಟಕದಿಂದ ಕೂಲಿಗೆ ಬಂದ ಹೆಣ್ಣುಮಗಳು ಹಳೆಯ ಸೀರೆಯಲ್ಲಿ ಕೂಸನ್ನು ಬೆನ್ನಿಗೆ ಬಿಗಿದುಕೊಂಡು, ತಲೆಯ ಮೇಲೆ ಜಲ್ಲಿಯ ಬಾಂಡ್ಲಿ ಹೊತ್ತು ಏಣಿ ಹತ್ತುವುದು ಕಂಡೀತು. ಇದನ್ನು ಸುಂದರ ಚಿತ್ರವೆಂದು ಬಣ್ಣಿಸಲು ನನಗೆ ಮನಸ್ಸಿಲ್ಲ. ಬೇರೆ ದಾರಿ ಇದ್ದಿದ್ದರೆ ಆಕೆ ಆ ಕೂಸನ್ನು ಸಿಮೆಂಟಿನ ಧೂಳಿಗೆ ತರುತ್ತಿರಲಿಲ್ಲ.

ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರಿಗೆ ಈ ದಾರಿಯೂ ಇಲ್ಲ. ಹೆಣ್ಣಾಳುಗಳು ಹೆಚ್ಚಿರುವ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ವಿಧಿಸಿತ್ತು. ಕಾಯ್ದೆಯಲ್ಲಿದ್ದ ಆ ಕೊಠಡಿ ಎಷ್ಟು ಮಂದಿಗೆ ದಕ್ಕಿತೆಂಬುದನ್ನು ಆ ತಾಯಂದಿರನ್ನೇ ಕೇಳಬೇಕು. 2023ರಲ್ಲಿ ರಾಜ್ಯ ಸರ್ಕಾರ ‘ಕೂಸಿನ ಮನೆ’ಗಳನ್ನು ಘೋಷಿಸಿದಾಗ ಆ ಹೆಸರು ಕೇಳಿಯೇ ನನಗೆ ಸಂತೋಷವಾಗಿತ್ತು. ಆದರೆ ಅವು ಗ್ರಾಮ ಪಂಚಾಯಿತಿಗಳಿಗೆ ಸೇರಿದವು.

ಹೆಗ್ಗನಹಳ್ಳಿಯ ಒಂದು ಕೋಣೆಯ ಬಾಡಿಗೆ ಮನೆಗೆ ಪ್ರಾರ್ಥನೆಗೆಂದು ಹೋಗಿದ್ದೆ. ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟುಬಂದಿದ್ದ ಎರಡು ವರ್ಷದ ಮಗು ಜ್ವರದಿಂದ ತೀರಿಕೊಂಡಿತ್ತು. “ನನ್ನ ಬೆನ್ನ ಮೇಲಿದ್ದಿದ್ರೆ ಮೈ ಸುಡೋದು ನನಗೇ ಮೊದಲು ಗೊತ್ತಾಗ್ತಿತ್ತಲ್ಲಾ ಫಾದರ್” ಎಂದರು ಆ ತಾಯಿ. ಸ್ವಲ್ಪ ಹೊತ್ತಿನ ಬಳಿಕ, “ದೇವರೂ ಬೆನ್ನು ತೋರಿಸಿಬಿಟ್ಟರು” ಎಂದರು.

ಬೆನ್ನು ತೋರಿಸುವುದೆಂದರೆ ನಮ್ಮ ಮಾತಿನಲ್ಲಿ ಕೈಬಿಟ್ಟು ಓಡಿಹೋಗುವುದು. ಹಾಗಿದ್ದರೂ ಬೆನ್ನಿಗೆ ನಿಲ್ಲುವವನು ನಮಗೆ ಆಪ್ತ, ನಮ್ಮ ನಂತರ ಹುಟ್ಟಿದ ತಂಗಿ ಬೆನ್ನಿಗೆ ಬಿದ್ದವಳು. ವಿಮೋಚನಾಕಾಂಡದಲ್ಲಿ ಮೋಶೆ ದೇವರ ಮಹಿಮೆಯನ್ನು ಕಾಣಬೇಕೆಂದು ಬೇಡುತ್ತಾನೆ. ಸರ್ವೇಶ್ವರ ಅವನನ್ನು ಬಂಡೆಯ ಸಂದಿಯಲ್ಲಿ ನಿಲ್ಲಿಸಿ, ಕೈಯಿಂದ ಮರೆಮಾಡಿ ಹಾದುಹೋಗುತ್ತಾರೆ; ಮೋಶೆಗೆ ಕಾಣಿಸಿದ್ದು ಅವರ ಬೆನ್ನು ಮಾತ್ರ. ಗುರುಮಠದ ದಿನಗಳಲ್ಲಿ ಈ ಅಧ್ಯಾಯವನ್ನು ದೇವರ ಅಗೋಚರತೆಯ ಪಾಠವಾಗಿ ಓದಿದ್ದೇವೆ. ಅದು ಸರಿಯೇ. ಆದರೆ ಕೂಲಿಯವಳ ಬೆನ್ನ ಮೇಲಿನ ಕೂಸನ್ನು ಕಂಡ ಮೇಲೆ ನನಗೆ ಅದು ಬೇರೆಯಾಗಿ ಕೇಳಿಸುತ್ತದೆ. ಆ ಕೂಸಿಗೆ ತಾಯಿಯ ಮುಖ ಕಾಣುವುದಿಲ್ಲ. ಅದಕ್ಕೆ ದೊರೆತಿರುವುದು ಬೆವರಿನ ವಾಸನೆ, ಮೈಯ ಬಿಸುಪು, ನಡಿಗೆಯ ಕುಲುಕಾಟ. ತಾಯಿ ಹೋದ ಕಡೆಗೆಲ್ಲ ಅದೂ ಹೋಗುತ್ತದೆ. ಯೆಶಾಯನ ಗ್ರಂಥದ 46ನೆಯ ಅಧ್ಯಾಯದಲ್ಲಿ ಬಾಬಿಲೋನಿನ ವಿಗ್ರಹಗಳು ದಣಿದ ಪಶುಗಳ ಮೇಲಿನ ಹೊರೆಯಾಗಿವೆ; ಇಸ್ರಯೇಲಿನ ದೇವರಾದರೋ ಗರ್ಭದಿಂದ ಹಿಡಿದು ತಲೆ ನರೆಯುವವರೆಗೆ ತಾವೇ ತಮ್ಮ ಜನರನ್ನು ಹೊರುತ್ತಾರೆ.

ಇದನ್ನೆಲ್ಲ ಆ ತಾಯಿಗೆ ನಾನು ಹೇಳಲಿಲ್ಲ. ಮಗುವನ್ನು ಮಣ್ಣಿಗಿಟ್ಟು ಬಂದವರ ಮುಂದೆ ವ್ಯಾಖ್ಯಾನ ಶೋಭಿಸದು. ನೆನಪಾದದ್ದು ಜುಲು ಜನರದೇ ಒಂದು ಗಾದೆ. ಅಳದ ಮಗು ಬೆನ್ನ ಜೋಳಿಗೆಯಲ್ಲೇ ಸಾಯುತ್ತದೆ ಎಂದು ಅದರ ತಾತ್ಪರ್ಯ. ಬೆನ್ನಿನಲ್ಲಿರುವುದನ್ನು ತಾಯಿ ನೋಡಲಾರಳು, ಕೇಳಬಲ್ಲಳು. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಾಟವೇ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೆಯ ಕೀರ್ತನೆಯ ದೂರನ್ನೇ. ದುಃಖತಪ್ತರಿಗೆ “ಹಾಗೆಲ್ಲ ಮಾತಾಡಬಾರದಮ್ಮ, ದೇವರ ಚಿತ್ತ” ಎಂದು ಬಾಯಿ ಮುಚ್ಚಿಸುವವರು ನಮ್ಮಲ್ಲಿ ಬಹಳ ಮಂದಿ. ಆ ದಿನವೂ ಒಬ್ಬ ಹಿರಿಯರು ಅದಕ್ಕೆ ಬಾಯ್ದೆರೆದರು. ನಾನು ಕೈಸನ್ನೆಯಿಂದ ಅವರನ್ನು ತಡೆದೆ. ಆ ತಾಯಿ ದೇವರನ್ನು ದೂರುತ್ತ ಬಹಳ ಹೊತ್ತು ಅತ್ತರು.

ಪಕ್ಕದ ಮನೆಯ ಹುಡುಗಿ ತನ್ನ ಕೂಸನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹೊಸ್ತಿಲಾಚೆಯೇ ನಿಂತಿದ್ದಳು, ಒಳಗೆ ಬರುವುದೋ ಬೇಡವೋ ಎಂದು. “ಬಾರಮ್ಮ, ಅಲ್ಲೇ ಯಾಕೆ ನಿಂತೆ” ಎಂದು ಕರೆದವರು ಆ ತಾಯಿಯೇ.